ಪಂಚಮದ ಚಂದ್ರ, ಬರೆಯುವವರ ವಾರಭವಿಷ್ಯ

ವಾರಭವಿಷ್ಯದಲ್ಲಿ ಯಾವ ರಾಶಿಯನ್ನು ಓದಿದರೂ ಮಾತು ಸಾಮಾನ್ಯವಾಗಿ ಮೂರು ತುಂಡಾಗಿ ಬರುತ್ತದೆ. ವಾರದ ಆರಂಭದಲ್ಲಿ ಅಲೆದಾಟ, ಮಧ್ಯದಲ್ಲಿ ಧನಲಾಭ, ಕೊನೆಗೆ ನೆಮ್ಮದಿ. ಇದು ಬರೆಯುವವರ ಚಾಳಿಯಲ್ಲ, ಲೆಕ್ಕದಿಂದ ಹುಟ್ಟಿದ್ದು. ಚಂದ್ರ ಹನ್ನೆರಡು ರಾಶಿ ಸುತ್ತಲು 27.3 ದಿನ ಬೇಕು. ಒಂದು ರಾಶಿಗೆ ಸರಾಸರಿ ಎರಡೂಕಾಲು ದಿನವಾದರೆ ಏಳು ದಿನಕ್ಕೆ ಮೂರು ರಾಶಿ. ಉಳಿದವರೆಲ್ಲ ನಿಧಾನಿಗಳು: ರವಿ ಒಂದು ರಾಶಿಯಲ್ಲಿ ತಿಂಗಳಿರುತ್ತಾನೆ, ಕುಜ ಸುಮಾರು ಒಂದೂವರೆ ತಿಂಗಳು, ಗುರು ಒಂದು ವರ್ಷ, ಶನಿ ಎರಡೂವರೆ ವರ್ಷ. ಶನಿಯ ಬಗ್ಗೆ ಒಮ್ಮೆ ಬರೆದ ವಾಕ್ಯ ಸುಮಾರು 130 ವಾರ ಹಾಗೇ ನಿಲ್ಲುತ್ತದೆ; ಅಂಕಣಕಾರರು ಅದನ್ನೇ ಮಾತು ಬದಲಿಸಿ ಬಡಿಸಬೇಕು. ವಾರವಾರವೂ ಹೊಸ ಸುದ್ದಿ ತಪ್ಪದೆ ತರುವವನು ಚಂದ್ರನೊಬ್ಬನೇ. ಅವನೂ ನಾಲ್ಕು ವಾರಕ್ಕೊಮ್ಮೆ ಹೆಚ್ಚುಕಡಿಮೆ ಅದೇ ಜಾಗಕ್ಕೆ ಮರಳುತ್ತಾನೆ.

ಈಗ ‘ಲೇಖಕರಿಗೆ, ಕಲಾವಿದರಿಗೆ’ ಎಂದೇ ಪ್ರತ್ಯೇಕ ವಾರಭವಿಷ್ಯಗಳು ಬರುತ್ತಿವೆ. ಅವುಗಳಲ್ಲಿ ಹಳೆಯ ಲೆಕ್ಕಕ್ಕೂ ಹೊಸ ಮಾತಿಗೂ ನಡುವಿನ ಹೊಲಿಗೆ ಎಲ್ಲಿ ಬಿಚ್ಚಿಕೊಳ್ಳುತ್ತದೆ ಎಂದು ನೋಡಲು ಒಂದು ಉದಾಹರಣೆ ಸಾಕು. ವೃಷಭ ರಾಶಿಯ ಕಥೆಗಾರ್ತಿಯೊಬ್ಬರಿದ್ದಾರೆ ಎನ್ನಿ. ಆ ವಾರ ಚಂದ್ರ ಸಿಂಹ, ಕನ್ಯಾ, ತುಲಾ ದಾಟುತ್ತಾನೆ. ವೃಷಭದಿಂದ ಎಣಿಸಿದರೆ ಅವು ನಾಲ್ಕು, ಐದು, ಆರನೆಯ ಮನೆಗಳು. ಗೋಚಾರದ, ಅಂದರೆ ಆಗಿನ ಗ್ರಹಸಂಚಾರ ನೋಡಿ ಫಲ ಹೇಳುವ ಪದ್ಧತಿಯ, ಸಾಂಪ್ರದಾಯಿಕ ನಿಯಮದಂತೆ ಜನ್ಮರಾಶಿಯಿಂದ (ಹುಟ್ಟಿದಾಗ ಚಂದ್ರನಿದ್ದ ರಾಶಿ) 1, 3, 6, 7, 10, 11ರಲ್ಲಿ ಚಂದ್ರ ಶುಭ. ಹಾಗಾಗಿ ವಾರದ ಮೊದಲೆರಡು ತುಂಡು ಸಪ್ಪೆ, ಕೊನೆಯದು ಚೆನ್ನ. ಆದರೆ ಬರೆಯುವವರಿಗಾಗಿ ಬರೆಯುವ ಅಂಕಣದಲ್ಲಿ ವಾರದ ಮಧ್ಯಕ್ಕೆ ‘ಕಲ್ಪನೆ ಗರಿಗೆದರುತ್ತದೆ, ಹೊಸ ಕಥೆ ಶುರುಮಾಡಿ’ ಎಂದಿರುತ್ತದೆ. ಕಾರಣ, ಐದನೆಯ ಮನೆ ಬುದ್ಧಿ ಮತ್ತು ಪ್ರತಿಭೆಯ ಸ್ಥಾನ. ಜನ್ಮಜಾತಕ ನೋಡುವಾಗ ಹೇಳುವ ಭಾವಫಲವನ್ನು (ಮನೆಯ ಫಲ) ತಂದು ಗೋಚಾರದ ಮೇಲೆ ಕೂರಿಸಿದ್ದಾರೆ, ಅಷ್ಟೆ.

ಗೋಚಾರದ ಹಳೆಯ ಮಾತು ಇರುವುದು ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ. ಅಲ್ಲಿ ಐದನೆಯ ಚಂದ್ರನಿಗೆ ಹೇಳಿದ ಫಲ ದೈನ್ಯ, ವ್ಯಾಧಿ, ಶೋಕ, ದಾರಿಯಲ್ಲಿ ವಿಘ್ನ. ಗರಿಗೆದರುವ ಮಾತೇ ಇಲ್ಲ. ಆ ಅಧ್ಯಾಯ ಶುರುವಾಗುವುದೇ ಒಂದು ಸಮಜಾಯಿಷಿಯಿಂದ: ಜನ ಬಳಸುವುದು ಹೆಚ್ಚಾಗಿ ಗೋಚಾರವನ್ನೇ, ಆದ್ದರಿಂದ ಅದರ ಫಲವನ್ನು ನಾನಾ ವೃತ್ತಗಳಲ್ಲಿ ಹೇಳುತ್ತೇನೆ, ನನ್ನ ಬಾಯಿಚಪಲವನ್ನು ಹಿರಿಯರು ಕ್ಷಮಿಸಲಿ. ‘ಮುಖಚಪಲಾ’ ಎಂಬುದು ಆರ್ಯಾ ಛಂದಸ್ಸಿನ ಒಂದು ಬಗೆಯ ಹೆಸರು ಕೂಡ. ಹೀಗೆ ಶ್ಲೋಕದ ಅರ್ಥದೊಳಗೇ ಅದರ ಛಂದಸ್ಸಿನ ಹೆಸರನ್ನು ಹುದುಗಿಸುತ್ತಾ ಹೋಗುತ್ತಾನೆ. ಚಂದ್ರನ ಐದರಿಂದ ಎಂಟನೆಯ ಮನೆಯವರೆಗಿನ ಫಲ ಹೇಳುವ ಪದ್ಯ ಮೇಘದೂತದ ಮಂದಾಕ್ರಾಂತ ಛಂದಸ್ಸಿನಲ್ಲಿದೆ. ಅದರ ಕೊನೆಯ ಸಾಲು: ಮೆಲ್ಲನೆ ತುಳಿಸಿಕೊಂಡ ಹಾವು, ಎಂಟನೆಯ ಚಂದ್ರ, ಇವು ಯಾರಿಗೆ ತಾನೇ ಭಯ ತರುವುದಿಲ್ಲ? ‘ಮೆಲ್ಲನೆ ತುಳಿದ’ ಎಂಬಲ್ಲಿ ‘ಮಂದಾಕ್ರಾಂತ’ ಪದ ಕೂತಿದೆ. ರಾಶಿಫಲದ ಬರವಣಿಗೆಯಲ್ಲಿ ಇದಕ್ಕಿಂತ ಕುಶಲವಾದ ಕಸುಬುದಾರಿಕೆ ಮತ್ತೆಲ್ಲೂ ಕಾಣುವುದಿಲ್ಲ.

ಕನ್ನಡದ ಮೊದಲ ಜ್ಯೋತಿಷಗ್ರಂಥ ಶ್ರೀಧರಾಚಾರ್ಯನ ಜಾತಕತಿಲಕ, 1049ರದ್ದು. ಆದರೆ ವಾರಕ್ಕೊಮ್ಮೆ ಎಲ್ಲರಿಗೂ ಫಲ ಹೇಳುವ ರೂಢಿ ನಮ್ಮಲ್ಲಿರಲಿಲ್ಲ. ಯುಗಾದಿಯಂದು ಪಂಚಾಂಗ ಶ್ರವಣ. ಅಲ್ಲಿ ರಾಶಿಗೆ ಆಯ-ವ್ಯಯ, ನಕ್ಷತ್ರಕ್ಕೆ ನಾಲ್ಕು ತಿಂಗಳಿಗೊಂದರಂತೆ ಮೂರು ಕಂದಾಯಫಲದ ಅಂಕಿಗಳು. ಸೊನ್ನೆ ಬಂದವರ ಮುಖ ಸಣ್ಣದಾಗುತ್ತಿತ್ತು. ಅಲ್ಲಿಗೆ ವರ್ಷದ ಲೆಕ್ಕ ಮುಗಿಯಿತು.

ಅಂಕಣ ಹುಟ್ಟಿದ್ದು ಲಂಡನ್ನಿನಲ್ಲಿ. ರಾಜಕುಮಾರಿ ಮಾರ್ಗರೆಟ್ ಹುಟ್ಟಿದ ಮೂರು ದಿನಕ್ಕೆ, 1930ರ ಆಗಸ್ಟ್ 24ರಂದು, ‘ಸಂಡೇ ಎಕ್ಸ್‌ಪ್ರೆಸ್’ ಪತ್ರಿಕೆ ಆರ್. ಎಚ್. ನೇಯ್ಲರ್ ಎಂಬವರಿಂದ ಮಗುವಿನ ಜಾತಕ ಬರೆಸಿತು. ಮೊದಲು ಕೇಳಿದ್ದು ಪ್ರಸಿದ್ಧ ಹಸ್ತಸಾಮುದ್ರಿಕ ಕೀರೋ ಅವರನ್ನು. ಅವರು ಸಿಗದೆ ಅವರ ಸಹಾಯಕ ನೇಯ್ಲರ್‌ಗೆ ಅವಕಾಶ ಬಂತು. ಅಕ್ಟೋಬರ್ 5ರಂದು ಆರ್101 ವಾಯುನೌಕೆ ಫ್ರಾನ್ಸಿನಲ್ಲಿ ಉರುಳಿ 48 ಮಂದಿ ಸತ್ತಾಗ, ಬ್ರಿಟಿಷ್ ವಿಮಾನಕ್ಕೆ ಅಪಾಯವಿದೆ ಎಂದು ನೇಯ್ಲರ್ ಬರೆದದ್ದನ್ನು ಪತ್ರಿಕೆ ಎತ್ತಿ ತೋರಿಸಿತು. ಅಂಕಣ ಕಾಯಂ ಆಯಿತು. ಲಕ್ಷಾಂತರ ಓದುಗರಿಗೆ ಒಬ್ಬೊಬ್ಬರದೇ ಜಾತಕ ಹಾಕಲಾಗದು. ಹುಟ್ಟಿದ ತಾರೀಖೊಂದರಿಂದಲೇ ರವಿರಾಶಿ ಗೊತ್ತಾಗುವುದರಿಂದ ಹನ್ನೆರಡು ಚೌಕಗಳ ಅಂಕಣ ನೆಲೆಯೂರಿತು. ಪುಟದ ಅಳತೆ ಮಾಡಿಸಿದ ಕೆಲಸ ಅದು, ಆಕಾಶ ಮಾಡಿಸಿದ್ದಲ್ಲ.

‘ಒಲವು, ಸಾಧ್ಯತೆ, ಆತ್ಮಾವಲೋಕನ’ ಎಂಬ ಮೃದು ಭಾಷೆಗೆ ಇನ್ನೊಂದು ಹಿನ್ನೆಲೆ ನ್ಯಾಯಾಲಯದ್ದು. ಥಿಯಾಸಫಿಸ್ಟ್ ಜ್ಯೋತಿಷಿ ಅಲನ್ ಲಿಯೋ ಮೇಲೆ ಭವಿಷ್ಯ ಹೇಳಿದ ಆರೋಪದಲ್ಲಿ 1914ರಲ್ಲಿ ಮತ್ತು 1917ರಲ್ಲಿ ಮೊಕದ್ದಮೆ ನಡೆಯಿತು. ಮೊದಲನೆಯದು ಬಿದ್ದುಹೋಯಿತು, ಎರಡನೆಯದರಲ್ಲಿ ದಂಡ ತೆತ್ತರು. ಘಟನೆ ನುಡಿಯುವುದಕ್ಕಿಂತ ಸ್ವಭಾವ ಹೇಳುವುದು ಕ್ಷೇಮ ಎಂಬ ದಾರಿ ಅಲ್ಲಿಂದ ಗಟ್ಟಿಯಾಯಿತು. ಡೇನ್ ರುಧ್ಯಾರ್ 1936ರಲ್ಲಿ ತಮ್ಮ ಪುಸ್ತಕದಲ್ಲಿ ಜ್ಯೋತಿಷವನ್ನು ಮನಶ್ಶಾಸ್ತ್ರಕ್ಕೆ ಜೋಡಿಸಿದರು. ಅವರು ಸಂಗೀತ ರಚನಕಾರರೂ ಹೌದು. 1978ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್‌ನಲ್ಲಿ ಕವಿ, ಗಾಯಕ ರಾಬ್ ಬ್ರೆಜ್ನಿ ವಾರದ ಅಂಕಣ ಶುರುಮಾಡಿ ಅದನ್ನು ಗದ್ಯಕವಿತೆಯಂತೆಯೇ ಬರೆದರು. ಸೃಜನಶೀಲರ ವಾರಭವಿಷ್ಯದ ವಂಶವೃಕ್ಷ ಹುಡುಕುವವರು ವರಾಹಮಿಹಿರನಿಗಿಂತ ಮೊದಲು ಇವರ ಬಾಗಿಲು ತಟ್ಟಬೇಕು.

ಬರಹಕ್ಕೆ ಬುಧನನ್ನು ಗಂಟು ಹಾಕಿದ್ದು ಮಾತ್ರ ಬಹಳ ಹಳೆಯದು. ಬ್ಯಾಬಿಲೋನಿನಲ್ಲಿ ಬುಧಗ್ರಹದ ದೇವರು ನಬು, ಲಿಪಿಕಾರರ ಅಧಿದೇವತೆ. ನಮ್ಮಲ್ಲಿ ಕಾವ್ಯದ ಪಾಲು ಶುಕ್ರನದು. ಅಮರಕೋಶ ಅವನಿಗೆ ‘ಕಾವ್ಯ’, ‘ಕವಿ’ ಎಂಬ ಹೆಸರುಗಳನ್ನೇ ಕೊಟ್ಟಿದೆ. ಬುಧ ರವಿಯಿಂದ 28 ಡಿಗ್ರಿಗಿಂತ ಆಚೆ ಹೋಗುವುದಿಲ್ಲ. ಆದ್ದರಿಂದ ಅವನಿರುವುದು ರವಿಯ ರಾಶಿಯಲ್ಲಿ, ಇಲ್ಲವೇ ಅಕ್ಕಪಕ್ಕದ ರಾಶಿಯಲ್ಲಿ. ಲೇಖಕರಿಗೆ ಅಪರೂಪದ ವರವೆಂದು ಹೇಳುವ ಬುಧಾದಿತ್ಯ ಯೋಗ (ರವಿ, ಬುಧ ಒಂದೇ ರಾಶಿಯಲ್ಲಿರುವುದು) ಹಾಗಾಗಿ ವರ್ಷದಲ್ಲಿ ಹಲವು ಬಾರಿ ಬಂದುಹೋಗುತ್ತದೆ.

ವಕ್ರೀ ಬುಧನ ಗದ್ದಲವೂ ಆಮದು ಸರಕು. ಬುಧ ಒಳಸುತ್ತಿನಲ್ಲಿ ಭೂಮಿಯನ್ನು ಹಿಂದಿಕ್ಕುವಾಗ ಹಿಂದೆ ಸರಿದಂತೆ ಕಾಣುತ್ತಾನೆ; ವರ್ಷಕ್ಕೆ ಮೂರು ಸಲ, ಕೆಲವೊಮ್ಮೆ ನಾಲ್ಕು, ಪ್ರತಿ ಸಲ ಸುಮಾರು ಮೂರು ವಾರ. ಭಾರತದ ಗಡಿಯಾರದಂತೆ 2025ರಲ್ಲಿ ಅದು ಮಾರ್ಚ್ 15ರಿಂದ ಏಪ್ರಿಲ್ 7, ಜುಲೈ 18ರಿಂದ ಆಗಸ್ಟ್ 11, ನವೆಂಬರ್ 10ರಿಂದ 29. ಈ ದಿನಗಳಲ್ಲಿ ಒಪ್ಪಂದಕ್ಕೆ ಸಹಿ ಹಾಕಬೇಡಿ, ಹಸ್ತಪ್ರತಿ ಕಳಿಸಬೇಡಿ, ಕಂಪ್ಯೂಟರ್ ಕೈಕೊಡುತ್ತದೆ ಎಂಬ ಸಲಹೆಗಳು ಪಶ್ಚಿಮದ ಅಂಕಣಗಳಿಂದ ಬಂದವು. ಗ್ರಹಗಳ ಆರು ಬಗೆಯ ಬಲ ಅಳೆಯುವ ನಮ್ಮ ಷಡ್ಬಲದ ಲೆಕ್ಕದಲ್ಲಿ ವಕ್ರಗತಿಯ ಗ್ರಹಕ್ಕೆ ಚೇಷ್ಟಾಬಲ (ಚಲನೆಯ ಬಲ) ಹೆಚ್ಚು, ಅಂದರೆ ಅದು ಬಲಿಷ್ಠ. ಒಂದೇ ಅಂಕಣದಲ್ಲಿ ಜನ್ಮರಾಶಿಯ ಗೋಚಾರವನ್ನೂ ವಕ್ರೀ ಬುಧನ ಹೆದರಿಕೆಯನ್ನೂ ಕಂಡರೆ, ಎರಡು ಶಾಸ್ತ್ರಗಳನ್ನು ಬೆರಕೆ ಮಾಡಿದ್ದಾರೆಂದು ತಿಳಿಯಬಹುದು.

ಓದುವವರು ಎಡವುವುದು ರಾಶಿ ಗುರುತಿಸುವಲ್ಲಿ. ಪಶ್ಚಿಮದ ಅಂಕಣಕ್ಕೆ ರವಿರಾಶಿ ಬೇಕು, ಸಾಯನ ಲೆಕ್ಕ (ವಿಷುವದ ಬಿಂದುವಿನಿಂದ ಎಣಿಕೆ). ಕನ್ನಡದ ಅಂಕಣಕ್ಕೆ ಸಾಮಾನ್ಯವಾಗಿ ಚಂದ್ರರಾಶಿ, ನಿರಯನ ಲೆಕ್ಕ (ನಕ್ಷತ್ರಗಳಿಂದ ಎಣಿಕೆ). ಎರಡರ ನಡುವಿನ ಅಂತರ, ಅಂದರೆ ಅಯನಾಂಶ, ಈಗ ಸುಮಾರು 24 ಡಿಗ್ರಿ. ಏಪ್ರಿಲ್ 5ರಂದು ಹುಟ್ಟಿದವರ ರವಿ ಅಲ್ಲಿ ಮೇಷದಲ್ಲಿದ್ದರೆ ಇಲ್ಲಿ ಮೀನದಲ್ಲಿ, ಚಂದ್ರ ಇನ್ನೆಲ್ಲೋ. ನಮ್ಮೊಳಗೂ ಒಮ್ಮತವಿಲ್ಲ. ಮೇಘನಾದ ಸಹಾ ನೇತೃತ್ವದ ಪಂಚಾಂಗ ಸುಧಾರಣಾ ಸಮಿತಿಯ ನಂತರ ಲಾಹಿರಿ ಅಯನಾಂಶ ಸರ್ಕಾರಿ ಮಾನ್ಯತೆ ಪಡೆಯಿತು. ‘ಆಸ್ಟ್ರಲಾಜಿಕಲ್ ಮ್ಯಾಗಜೀನ್’ ಅನ್ನು 1936ರಲ್ಲಿ ಮತ್ತೆ ಶುರುಮಾಡಿದ ಬೆಂಗಳೂರಿನ ಬಿ. ವಿ. ರಾಮನ್ ತಮ್ಮದೇ ಅಯನಾಂಶ ಬಳಸಿದರು. ವ್ಯತ್ಯಾಸ ಸುಮಾರು ಒಂದೂವರೆ ಡಿಗ್ರಿ. ಚಂದ್ರ ಅಷ್ಟು ದೂರ ಹೋಗಲು ಎರಡೂವರೆ ಗಂಟೆಗೂ ಹೆಚ್ಚು ಬೇಕು. ರಾಶಿಯ ಅಂಚಿನಲ್ಲಿ ಹುಟ್ಟಿದವರಿಗೆ ಜನ್ಮರಾಶಿಯೇ ಬದಲಾದೀತು.

ಹುಟ್ಟಿದ ವೇಳೆ ಗೊತ್ತಿಲ್ಲದವರು ಹೆಸರಿನ ಮೊದಲ ಅಕ್ಷರ ಹಿಡಿದು, ಅದಕ್ಕೆ ಗೊತ್ತುಮಾಡಿದ ನಕ್ಷತ್ರಪಾದದಿಂದ (ನಕ್ಷತ್ರದ ಕಾಲುಭಾಗ) ರಾಶಿ ತಿಳಿಯುತ್ತಾರೆ. ಬರಹಗಾರರಿಗೆ ಇಲ್ಲೊಂದು ವಿಶೇಷ ತೊಡಕು: ಯಾವ ಹೆಸರು? ದತ್ತಾತ್ರೇಯ ಎಂದರೆ ‘ದ’, ಪೂರ್ವಾಭಾದ್ರೆಯ ಮೂರನೆಯ ಪಾದ, ಕುಂಭ. ಅಂಬಿಕಾತನಯದತ್ತ ಎಂದರೆ ‘ಅ’, ಕೃತ್ತಿಕೆಯ ಮೊದಲ ಪಾದ, ಮೇಷ. ಬೇಂದ್ರೆಯವರಿಗೆ ಒಂದೇ ವಾರಕ್ಕೆ ಎರಡು ಭವಿಷ್ಯ!

ಅಂಕಣವೊಂದನ್ನು ಪರೀಕ್ಷಿಸಬೇಕೆಂದರೆ ಪಂಚಾಂಗ ತೆರೆದು ಆ ವಾರದ ಚಂದ್ರ ಯಾವ ದಿನ ಎಷ್ಟು ಗಂಟೆಗೆ ರಾಶಿ ಬದಲಿಸುತ್ತಾನೆ ಎಂದು ಬರೆದುಕೊಳ್ಳಿ, ನಿಮ್ಮ ರಾಶಿಯಿಂದ ಮನೆ ಎಣಿಸಿ, ಅಂಕಣದ ಮೂರು ತುಂಡಿನ ಜೊತೆ ಹೊಂದಿಸಿ ನೋಡಿ. ಹೊಂದಿದರೆ ಕನಿಷ್ಠ ಲೆಕ್ಕ ಮಾಡಿದ್ದಾರೆ. ಆಮೇಲೆ ನಿಮ್ಮದಲ್ಲದ ಒಂದು ರಾಶಿಯ ಫಲ ಓದಿ. ‘ಅರ್ಧಕ್ಕೆ ನಿಂತ ಬರಹ ಮತ್ತೆ ಕೈಗೆತ್ತಿಕೊಳ್ಳಿ, ನಿಮ್ಮ ಸಾಮರ್ಥ್ಯವನ್ನು ನೀವೇ ಅನುಮಾನಿಸುತ್ತಿದ್ದೀರಿ’ ಎಂಬುದು ಯಾವ ಬರಹಗಾರರಿಗೆ, ಯಾವ ವಾರ ಹೊಂದುವುದಿಲ್ಲ? ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ 1948ರಲ್ಲಿ 39 ವಿದ್ಯಾರ್ಥಿಗಳಿಗೆ ಒಂದೇ ಸ್ವಭಾವಚಿತ್ರವನ್ನು ‘ಇದು ನಿಮ್ಮದೇ’ ಎಂದು ಹಂಚಿದಾಗ ಅವರು ಕೊಟ್ಟ ಸರಾಸರಿ ಅಂಕ 5ಕ್ಕೆ 4.26. ಆ ವಾಕ್ಯಗಳಲ್ಲಿ ಹೆಚ್ಚಿನವನ್ನು ಅವರು ಆರಿಸಿದ್ದು ಅಂಗಡಿಯಲ್ಲಿ ಸಿಗುವ ಜ್ಯೋತಿಷದ ಪುಸ್ತಕದಿಂದ.

ಹೊರದೇಶದಲ್ಲಿರುವ ಕನ್ನಡಿಗರು ಗಂಟೆಯನ್ನೂ ತಿದ್ದಿಕೊಳ್ಳಬೇಕು. ಬೆಂಗಳೂರಿನ ಪಂಚಾಂಗದಲ್ಲಿ ಚಂದ್ರ ಬುಧವಾರ ಬೆಳಿಗ್ಗೆ 6ಕ್ಕೆ ರಾಶಿ ದಾಟಿದರೆ, ಬೇಸಿಗೆಯಲ್ಲಿ ಸ್ಯಾನ್ ಹೋಸೆಯಲ್ಲಿ ಆಗ ಮಂಗಳವಾರ ಸಂಜೆ ಐದೂವರೆ. ಅಲ್ಲಿ ಕೂತವರು ‘ವಾರಮಧ್ಯ’ವನ್ನು ಅರ್ಧ ದಿನ ಮೊದಲೇ ಶುರುಮಾಡಬೇಕು.