ಹಾಡುವವರನ್ನು ಬಿಟ್ಟರೆ ಆರಂಭದ ಜಾಝ್‌ನಲ್ಲಿ ಹೆಂಗಸರೇ ಇರಲಿಲ್ಲವೇ?

ಪ್ರಶ್ನೆ: ಜಾಝ್‌ನ ಮೊದಲ ದಿನಗಳ ಬಗ್ಗೆ ಓದುವಾಗ ಕಪ್ಪು ಮಹಿಳೆಯರ ಹೆಸರು ಸಿಗುವುದು ಗಾಯಕಿಯರ ಸಾಲಿನಲ್ಲಿ ಮಾತ್ರ: ಮಾ ರೇನಿ, ಬೆಸ್ಸಿ ಸ್ಮಿತ್, ಎಥೆಲ್ ವಾಟರ್ಸ್. ವಾದ್ಯತಂಡವನ್ನೇ ನಡೆಸಿದ ಮಹಿಳೆ ಆಗ ಒಬ್ಬರೂ ಇರಲಿಲ್ಲವೇ?

ಉತ್ತರ: ಇದ್ದರು, ಲವಿ ಆಸ್ಟಿನ್. ನೀವು ಹೆಸರಿಸಿದ ಮೂವರಲ್ಲಿ ಯಾರ ಬೆನ್ನು ಹಿಡಿದು ಹೋದರೂ ಈ ಪಿಯಾನೊವಾದಕಿಯ ಬಳಿಗೇ ಬಂದು ನಿಲ್ಲುತ್ತೀರಿ. ಮಾ ರೇನಿ 1923ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ಧ್ವನಿಮುದ್ರಣಕ್ಕೆ ಹಾಡಿದಾಗ ಹಿಂದಿದ್ದದ್ದು ಅವರ ತಂಡ. ಎಥೆಲ್ ವಾಟರ್ಸ್ ಕೂಡ ಅದೇ ತಂಡದೊಂದಿಗೆ ಹಾಡಿದರು. ಬೆಸ್ಸಿ ಸ್ಮಿತ್ ಅವರನ್ನು ಒಮ್ಮೆಗೇ ಮನೆಮಾತಾಗಿಸಿದ 'ಡೌನ್‌ಹಾರ್ಟೆಡ್ ಬ್ಲೂಸ್' ಹಾಡನ್ನು ಗಾಯಕಿ ಆಲ್ಬರ್ಟಾ ಹಂಟರ್ ಜೊತೆ ಸೇರಿ ಕಟ್ಟಿದವರೂ ಅವರೇ.  ಅವರ ತಂಡದ ಹೆಸರು ಬ್ಲೂಸ್ ಸೆರೆನೇಡರ್ಸ್.

ಹುಟ್ಟಿದ್ದು 1887ರಲ್ಲಿ, ಟೆನೆಸ್ಸಿ ರಾಜ್ಯದ ಚಟ್ಟನೂಗಾದಲ್ಲಿ. ಹುಟ್ಟುಹೆಸರು ಕೋರಾ. ಕಪ್ಪು ವಿದ್ಯಾರ್ಥಿಗಳಿಗಾಗಿಯೇ ಇದ್ದ ಕಾಲೇಜುಗಳಲ್ಲಿ ಸಂಗೀತ ಕಲಿತರು. ನೋಡಿ ಓದಲೂ ಕೇಳಿ ಬರೆಯಲೂ ಬಲ್ಲವರಾದರು. ಮುಂದಿನದ್ದಕ್ಕೆಲ್ಲ ಬುನಾದಿ ಈ ಬರೆಯುವ ವಿದ್ಯೆಯೇ.

ಏಕೆಂದರೆ ಆ ಕಾಲದ ತಂಡದ ನಾಯಕತ್ವ ಎಂದರೆ ಸೂಟು ತೊಟ್ಟು ಜನರತ್ತ ನಗುತ್ತ ಕೋಲು ಬೀಸುವುದಲ್ಲ. ಆ ಚಿತ್ರ ನಮ್ಮ ತಲೆಯಲ್ಲಿ ಕೂತದ್ದು 1930ರ ದಶಕದ ದೊಡ್ಡ ಬ್ಯಾಂಡುಗಳಿಂದ. ಅದಕ್ಕೂ ಮೊದಲು ರಂಗಮಂದಿರಗಳಲ್ಲಿ ನಾಯಕರ ಜಾಗ ರಂಗದ ಮೇಲೆ ಇರಲಿಲ್ಲ, ಅದರ ಮುಂದಿನ ತಗ್ಗಿನಲ್ಲಿತ್ತು. ಕಪ್ಪು ಪ್ರೇಕ್ಷಕರಿಗಾಗಿ ನಡೆಯುತ್ತಿದ್ದ ರಂಗಮಂದಿರಗಳಲ್ಲಿ ಒಂದೇ ಸಂಜೆ ನೃತ್ಯದವರು, ಹಾಸ್ಯದ ಜೋಡಿ, ಬ್ಲೂಸ್ (ಕಪ್ಪು ಜನರ ನೋವು-ನಲಿವಿನ ಹಾಡು) ಗಾಯಕಿ ಎಲ್ಲರೂ ಬಂದುಹೋಗುತ್ತಿದ್ದರು. ಊರೂರು ಸುತ್ತುವ ಈ ಕಲಾವಿದರಲ್ಲಿ ಒಬ್ಬರ ಬಳಿ ಬರೆದ ಸಂಗೀತ ಇರುತ್ತಿತ್ತು, ಇನ್ನೊಬ್ಬರು ಬಾಯಲ್ಲಿ ಗುನುಗಿ ತೋರಿಸುತ್ತಿದ್ದರು. ಅದನ್ನು ಕೇಳಿ, ಗಾಯಕಿಯ ಕಂಠಕ್ಕೆ ಹೊಂದುವ ಶ್ರುತಿಗೆ ತಂದು, ಕಾರ್ನೆಟ್‌ನವರಿಗೆ (ಟ್ರಂಪೆಟ್‌ನಂಥ ಊದುವ ವಾದ್ಯ) ಇಷ್ಟು, ಕ್ಲಾರಿನೆಟ್‌ನವರಿಗೆ ಇಷ್ಟು ಎಂದು ಹಾಳೆಯ ಮೇಲೆ ಬರೆದುಕೊಡಬೇಕು. ಬರೆದು ಮುಗಿದರೆ ನುಡಿಸಬೇಕು. ನುಡಿಸುತ್ತಲೇ ಕುಣಿಯುವವಳ ಕಾಲಿನ ಮೇಲೆ ಕಣ್ಣಿಡಬೇಕು.

ಈ ಕೆಲಸವನ್ನು ಲವಿ ಆಸ್ಟಿನ್ ಹೇಗೆ ಮಾಡುತ್ತಿದ್ದರು ಎಂಬುದಕ್ಕೆ ನಮಗೊಂದು ಅಪರೂಪದ ಸಾಕ್ಷಿ ಇದೆ. ಪಿಟ್ಸ್‌ಬರ್ಗ್‌ನ ರಂಗಮಂದಿರವೊಂದರಲ್ಲಿ ಒಬ್ಬ ಪುಟ್ಟ ಹುಡುಗಿ ಅವರನ್ನು ನೋಡಿದಳು. ಕಾಲ ಮೇಲೆ ಕಾಲು ಹಾಕಿ, ಬಾಯಲ್ಲಿ ಸಿಗರೇಟು ಕಚ್ಚಿಕೊಂಡು, ಐದಾರು ಗಂಡಸರ ತಂಡವನ್ನು ನಡೆಸುತ್ತಿದ್ದರಂತೆ. ಎಡಗೈ ಆಗಿನ ಆಟಕ್ಕೆ ಪಿಯಾನೊ ನುಡಿಸುತ್ತಿತ್ತು, ಬಲಗೈ ಮುಂದಿನ ಆಟಕ್ಕೆ ಸಂಗೀತ ಬರೆಯುತ್ತಿತ್ತು. ನೋಡಿದ ಹುಡುಗಿ ಮೇರಿ ಲೂ ವಿಲಿಯಮ್ಸ್; ಜಾಝ್‌ನ ಮಹಾನ್ ಪಿಯಾನೊವಾದಕಿಯರಲ್ಲಿ, ಸಂಯೋಜಕಿಯರಲ್ಲಿ ಒಬ್ಬರಾಗಿ ಬೆಳೆದವರು. ಮುಂದೆ ಆಂಡಿ ಕರ್ಕ್ ಅವರ ಜಾಝ್ ತಂಡದಲ್ಲಿದ್ದಾಗ ತಾವೂ ಒಂದು ಕೈಯಲ್ಲಿ ನುಡಿಸುತ್ತ ಇನ್ನೊಂದರಲ್ಲಿ ಬರೆಯುವುದನ್ನು ರೂಢಿಸಿಕೊಂಡೆ ಎಂದು ಅವರೇ ಹೇಳಿಕೊಂಡಿದ್ದಾರೆ.

ಲವಿ ಆಸ್ಟಿನ್ ನೆಲೆ ನಿಂತದ್ದು ಚಿಕಾಗೋದಲ್ಲಿ. ಅಲ್ಲಿನ ರಂಗಮಂದಿರಗಳಲ್ಲಿ, ಮುಖ್ಯವಾಗಿ ಮೊನೋಗ್ರಾಂ ಎಂಬಲ್ಲಿ, ಸುಮಾರು 20 ವರ್ಷ ಸಂಗೀತ ನಿರ್ದೇಶಕಿಯಾಗಿದ್ದರು. ಮೊನೋಗ್ರಾಂ ಅಂಥ ಭವ್ಯ ಜಾಗವೇನಲ್ಲ. ಪಕ್ಕದಲ್ಲೇ ಮೇಲ್ಸೇತುವೆಯ ರೈಲು. ಗೋಡೆಗಳು ಎಷ್ಟು ತೆಳುವೆಂದರೆ ರೈಲು ಹಾಯುವಾಗ ಹಾಡು ನಿಲ್ಲಿಸಿ, ಸದ್ದು ಅಡಗಿದ ಮೇಲೆ ಬಿಟ್ಟಲ್ಲಿಂದ ಮುಂದುವರಿಸಬೇಕಿತ್ತು ಎಂದು ಎಥೆಲ್ ವಾಟರ್ಸ್ ನೆನೆದಿದ್ದಾರೆ. ಲವಿಯವರಿಗೆ ಮಾತ್ರ ಠೀವಿಗೇನೂ ಕೊರತೆಯಿರಲಿಲ್ಲ. ಒಳಗೆಲ್ಲ ಚಿರತೆ ಚರ್ಮದ ಹೊದಿಕೆ ಹಾಕಿಸಿದ ಸ್ಟಟ್ಸ್ ಬೇರ್‌ಕ್ಯಾಟ್ ಕಾರನ್ನು ಓಡಿಸಿಕೊಂಡು ಊರು ತಿರುಗುತ್ತಿದ್ದರೆಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ.

ಧ್ವನಿಮುದ್ರಣಗಳ ಕಥೆಗೆ ಬಂದರೆ, ಅವರು ದುಡಿದ ಪ್ಯಾರಾಮೌಂಟ್ ಕಂಪನಿಯ ಒಡೆತನ ವಿಸ್ಕಾನ್ಸಿನ್‌ನ ಒಂದು ಕುರ್ಚಿ ಕಾರ್ಖಾನೆಯದು. ಕಾರ್ಖಾನೆಯವರು ಮೊದಲು ಗ್ರಾಮಫೋನಿನ ಮರದ ಪೆಟ್ಟಿಗೆ ಮಾಡಿದರು, ಆಮೇಲೆ ರೆಕಾರ್ಡಿಗೆ ಇಳಿದರು. ಮುದ್ರಣದ ಗುಣಮಟ್ಟ ಹೇಳಿಕೊಳ್ಳುವಂಥದ್ದಲ್ಲ. ಇವತ್ತು ಕೇಳಿದರೆ ಎಣ್ಣೆ ಕಾದು ಸಿಡಿಯುವಂಥ ಸದ್ದಿನ ಹಿಂದೆ ಸಂಗೀತ ಅಡಗಿರುತ್ತದೆ. ಆದರೂ 1924ರ 'ಸ್ಟೆಪಿನ್ ಆನ್ ದ ಬ್ಲೂಸ್' ಕೇಳಿ. ಟಾಮಿ ಲ್ಯಾಡ್ನಿಯರ್ ಕಾರ್ನೆಟ್, ಜಿಮ್ಮಿ ಓಬ್ರಯಂಟ್ ಕ್ಲಾರಿನೆಟ್, ಜೊತೆಗೆ ಪಿಯಾನೊ. ಡ್ರಮ್ಸ್ ಇಲ್ಲ, ಬಾಸ್ ಇಲ್ಲ. ಆದರೂ ಲಯ ಎಲ್ಲಿಯೂ ಸಡಿಲುವುದಿಲ್ಲ, ಏಕೆಂದರೆ ಆ ಎರಡೂ ವಾದ್ಯಗಳ ಕೆಲಸವನ್ನು ಪಿಯಾನೊ ಹೊತ್ತಿದೆ.

ಅವರನ್ನು ಮರೆಯಲು ಇದೂ ಒಂದು ಕಾರಣವೆಂದು ನನಗನ್ನಿಸುತ್ತದೆ. ಜಾಝ್ ಚರಿತ್ರೆ ಬರೆದವರು ಹುಡುಕಿದ್ದು ಒಂಟಿಯಾಗಿ ಮಿಂಚುವವರನ್ನು. ಲವಿ ಆಸ್ಟಿನ್ ತಮ್ಮ ಬೆರಳ ಚಳಕ ತೋರಿಸಲು ನಿಂತವರಲ್ಲ. ಬೇರೆಯವರು ಮಿಂಚಲು ನೆಲ ಹದಮಾಡಿಕೊಟ್ಟವರು. ರೆಕಾರ್ಡಿನ ಮೇಲೆ ಗಾಯಕಿಯ ಹೆಸರು ದೊಡ್ಡದಾಗಿ, 'ಹಿನ್ನೆಲೆಯಲ್ಲಿ' ಎಂದು ಇವರ ತಂಡದ ಹೆಸರು ಕೆಳಗೆ. ಬೆಸ್ಸಿ ಸ್ಮಿತ್ 1923ರಲ್ಲಿ ಹಾಡಿದ 'ಡೌನ್‌ಹಾರ್ಟೆಡ್ ಬ್ಲೂಸ್' 7,80,000 ಪ್ರತಿ ಮಾರಾಟವಾಯಿತೆಂಬ ಲೆಕ್ಕ ಎಲ್ಲೆಡೆ ಕಾಣುತ್ತದೆ. ಕೊಂಡವರಲ್ಲಿ ಎಷ್ಟು ಜನ ಹಾಡು ಕಟ್ಟಿದವರ ಹೆಸರು ಓದಿದ್ದರು?

ಅವರೊಬ್ಬರೇ ಎಂದುಕೊಳ್ಳಬೇಡಿ. ಪಿಯಾನೊವಾದಕಿ ಲಿಲ್ ಹಾರ್ಡಿನ್ 1925ರಲ್ಲಿ ಚಿಕಾಗೋದ ಡ್ರೀಮ್‌ಲ್ಯಾಂಡ್ ಕೆಫೆಯಲ್ಲಿ ತಮ್ಮ ತಂಡ ನಡೆಸುತ್ತಿದ್ದರು. ಪತಿ ಲೂಯಿ ಆರ್ಮ್‌ಸ್ಟ್ರಾಂಗ್ ಅವರನ್ನು ನ್ಯೂಯಾರ್ಕ್‌ನಿಂದ ಕರೆಸಿಕೊಂಡದ್ದು ಆ ತಂಡಕ್ಕೇ. 1931ರಲ್ಲಿ ಬ್ಲಾಂಚ್ ಕ್ಯಾಲೊವೇ ಬರೀ ಗಂಡಸರ ದೊಡ್ಡ ಬ್ಯಾಂಡ್ ಕಟ್ಟಿದರು.

ಬ್ಲೂಸ್ ಗಾಯಕಿಯರ ಅಲೆ ಇಳಿದ ಮೇಲೆ ಲವಿ ಆಸ್ಟಿನ್ ಅವರಿಗೆ ರೆಕಾರ್ಡಿನ ಕೆಲಸ ಸಿಗಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಯುದ್ಧಸಾಮಗ್ರಿಯ ಕಾರ್ಖಾನೆಯಲ್ಲಿ ಭದ್ರತಾ ತಪಾಸಣೆ ಮಾಡಿದರು. ಆಮೇಲೆ ಚಿಕಾಗೋದ ಒಂದು ನೃತ್ಯಶಾಲೆಯಲ್ಲಿ ಪಿಯಾನೊ ನುಡಿಸಿದರು. 1961ರಲ್ಲಿ ರಿವರ್‌ಸೈಡ್ ಕಂಪನಿಯವರು ಹಳಬರನ್ನು ಹುಡುಕಿಕೊಂಡು ಬಂದರು. ಅಷ್ಟರಲ್ಲಿ ಆಲ್ಬರ್ಟಾ ಹಂಟರ್ ಹಾಡುವುದನ್ನು ಬಿಟ್ಟು ನ್ಯೂಯಾರ್ಕ್‌ನಲ್ಲಿ ನರ್ಸ್ ಆಗಿದ್ದರು. ಅವರೂ ಚಿಕಾಗೋಕ್ಕೆ ಬಂದರು. ಎಪ್ಪತ್ತು ದಾಟಿದ ಲವಿ ಆಸ್ಟಿನ್ ಪಿಯಾನೊದ ಮುಂದೆ ಕುಳಿತರು. ಸುಮಾರು 40 ವರ್ಷಗಳ ಹಿಂದೆ ಇಬ್ಬರೂ ಕೂಡಿ ಕಟ್ಟಿದ 'ಡೌನ್‌ಹಾರ್ಟೆಡ್ ಬ್ಲೂಸ್' ಅನ್ನು ಈ ಬಾರಿ ತಾವೇ ಹಾಡಿ, ನುಡಿಸಿ ಮುದ್ರಿಸಿದರು.