ಅಮೆರಿಕದ ಗಾಡಿಗೆ ಬ್ರಿಟನ್ ಕ್ಯಾರವಾನ್: ಸಾಕೆಟ್ ಬದಲಾಯಿಸಿದರೆ ಸಾಕೇ?

ಓದುಗರ ಪ್ರಶ್ನೆ: ಅಮೆರಿಕದಿಂದ ಇಂಗ್ಲೆಂಡಿಗೆ ವರ್ಗವಾಗಿ ಬರುವಾಗ ನಮ್ಮ ಎಸ್‌ಯುವಿಯನ್ನೂ ಹಡಗಿನಲ್ಲಿ ತರಿಸಿಕೊಂಡೆವು. ಇಲ್ಲಿ ನೋಂದಣಿಗೆಂದು ಹಿಂದಿನ ಕೆಂಪು ಇಂಡಿಕೇಟರ್ ತೆಗೆಸಿ ಕಿತ್ತಳೆ ಬಣ್ಣದ್ದು ಹಾಕಿಸಿದ್ದೇವೆ, ಫಾಗ್ ಲೈಟೂ ಸೇರಿದೆ. ಕಂಪನಿಯಿಂದಲೇ ಬಂದ ಏಳು ಪಿನ್ನಿನ ಟ್ರೇಲರ್ ಸಾಕೆಟ್ ಇದೆ. ಕೊಳ್ಳಬೇಕೆಂದಿರುವ ಕ್ಯಾರವಾನ್‌ಗೆ 13 ಪಿನ್ನಿನ ಪ್ಲಗ್. ಏಳರಿಂದ ಹದಿಮೂರಕ್ಕೆ ಅಡಾಪ್ಟರ್ ಸಿಗುತ್ತದಂತೆ. ಅದನ್ನು ಹಾಕಿದರೆ, ಇಲ್ಲವೇ ಸಾಕೆಟ್ ಒಂದನ್ನೇ ಬದಲಾಯಿಸಿದರೆ ಸಾಲದೇ?

ಉತ್ತರ: ಸಾಲದು. ಅಂಗಡಿಯಲ್ಲಿ ಸಿಗುವ ಆ ಅಡಾಪ್ಟರ್ ಯುರೋಪಿನ ಗುಂಡು ಪಿನ್ನಿನ 12ಎನ್ ಸಾಕೆಟ್ಟಿಗೆ ಮಾಡಿದ್ದು. ನಿಮ್ಮ ಗಾಡಿಯದು ಚಪ್ಪಟೆ ಬ್ಲೇಡಿನ ಅಮೆರಿಕನ್ ಸಾಕೆಟ್, ಅದರೊಳಗೆ ಇದು ಕೂರುವುದೇ ಇಲ್ಲ. ಸಾಕೆಟ್ ಕಿತ್ತು 13 ಪಿನ್ನಿನದನ್ನು ಕೂರಿಸಿದರೂ ತೊಂದರೆ ತಪ್ಪದು. ಏಕೆಂದರೆ ಆ ತಂತಿಗಳಲ್ಲಿ ಬರುವ ಸಂಕೇತವೇ ಬೇರೆ.

ಅಮೆರಿಕದ ಪದ್ಧತಿಯಲ್ಲಿ ಟ್ರೇಲರ್‌ನ ಎಡಗಡೆಯ ಕೆಂಪು ದೀಪವೇ ಬ್ರೇಕ್ ಲೈಟು, ಅದೇ ಎಡ ಇಂಡಿಕೇಟರ್. ಬಲಗಡೆಯೂ ಹಾಗೆಯೇ. ಎರಡೂ ಕೆಲಸಕ್ಕೆ ಒಂದೊಂದು ಕಡೆಗೆ ಒಂದೇ ತಂತಿ. ಬ್ರಿಟನ್ನಿನ ಕ್ಯಾರವಾನ್‌ಗೆ ಬೇಕಾದದ್ದು ಮೂರು: ಎಡ ಇಂಡಿಕೇಟರ್, ಬಲ ಇಂಡಿಕೇಟರ್, ಬ್ರೇಕ್. ನೋಂದಣಿಗಾಗಿ ಗಾಡಿಯ ಹಿಂದಿನ ದೀಪ ಬದಲಾಯಿಸಿದವರು ಸಾಮಾನ್ಯವಾಗಿ ಟ್ರೇಲರ್ ಸಾಕೆಟ್ಟಿನ ತಂಟೆಗೆ ಹೋಗಿರುವುದಿಲ್ಲ. ಗಾಡಿಯ ದೀಪ ಯುರೋಪಿನ ರೀತಿ ಉರಿಯುತ್ತಿದ್ದರೂ, ಪ್ರತ್ಯೇಕ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ನಡೆಸುವ ಸ್ವಿಚ್ಚು) ಅಥವಾ ಮಾಡ್ಯೂಲ್‌ನಿಂದ ನಡೆಯುವ ಟ್ರೇಲರ್ ಸಾಕೆಟ್ ಹಳೆಯ ಬೆರಕೆ ಸಂಕೇತವನ್ನೇ ಕೊಡುತ್ತಿರುತ್ತದೆ.

ಇಲ್ಲಿ ಬಹಳ ಜನ ಬಣ್ಣ ನೋಡಿ ಮೋಸ ಹೋಗುತ್ತಾರೆ. ಅಮೆರಿಕದ ನಾಲ್ಕು ತಂತಿಯ ಚಪ್ಪಟೆ ಕನೆಕ್ಟರ್‌ನಲ್ಲಿ ಹಳದಿ ಎಡ, ಹಸಿರು ಬಲ, ಬಿಳಿ ಅರ್ತ್, ಕಂದು ಹಿಂದಿನ ಸಣ್ಣ ದೀಪ. ಯುರೋಪಿನಲ್ಲೂ ಹಳದಿ ಎಡ, ಹಸಿರು ಬಲ, ಬಿಳಿ ಅರ್ತ್, ಕಂದು ಬಲಗಡೆಯ ಸಣ್ಣ ದೀಪ. ಬಣ್ಣಕ್ಕೆ ಬಣ್ಣ ಜೋಡಿಸಿ ಇಂಡಿಕೇಟರ್ ಹಾಕಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಬ್ರೇಕ್ ತುಳಿದಾಗ ಮಾತ್ರ ಕ್ಯಾರವಾನ್‌ನ ಎರಡೂ ಕಿತ್ತಳೆ ದೀಪ ಒಟ್ಟಿಗೆ ಹೊತ್ತಿಕೊಂಡು, ಕೆಂಪು ಬ್ರೇಕ್ ಲೈಟು ಕತ್ತಲಾಗಿಯೇ ಉಳಿಯುತ್ತದೆ. ಮೋಟಾರ್‌ವೇಯಲ್ಲಿ ಹಿಂದೆ ಬರುವವನಿಗೆ ನೀವು ನಿಲ್ಲುತ್ತಿದ್ದೀರೆಂದು ತಿಳಿಯುವ ದಾರಿಯೇ ಇಲ್ಲ. ಏಳು ಬ್ಲೇಡಿನ ಕೇಬಲ್‌ನಲ್ಲಂತೂ ಬಣ್ಣದ ಲೆಕ್ಕವೇ ಬೇರೆ: ಅಲ್ಲಿ ಕಂದು ಬಲಗಡೆಯ ಬ್ರೇಕ್-ಇಂಡಿಕೇಟರ್, ಹಸಿರು ಸಣ್ಣ ದೀಪ, ನೀಲಿ ಎಲೆಕ್ಟ್ರಿಕ್ ಬ್ರೇಕಿನದು. ಯುರೋಪಿನ ನೀಲಿ ಫಾಗ್ ಲೈಟಿನದು. ಇವೆರಡನ್ನು ಕೂಡಿಸಿದರೆ ಬ್ರೇಕ್ ಕಂಟ್ರೋಲರ್ ಕೆಲಸ ಮಾಡಿದಾಗಲೆಲ್ಲ ಕ್ಯಾರವಾನ್‌ನ ಫಾಗ್ ಲೈಟು ಉರಿಯುತ್ತದೆ. ಇಲ್ಲಿಯ ಕ್ಯಾರವಾನ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಓವರ್‌ರನ್ ಬ್ರೇಕ್. ಗಾಡಿಯನ್ನು ತಳ್ಳುವ ಬಲದಿಂದಲೇ ಅದು ಹಿಡಿಯುತ್ತದೆ, ವಿದ್ಯುತ್ ಬೇಡ. ಹಾಗಾಗಿ ಗಾಡಿಯ ಆ ನೀಲಿ ತಂತಿಯ ತುದಿಗೆ, ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆಯಾದ ಹೀಟ್‌ಶ್ರಿಂಕ್ ಹಾಕಿ ಮುಚ್ಚಿಬಿಡಿ.

ಬೆರಕೆ ಸಂಕೇತವನ್ನು ಮತ್ತೆ ಬಿಡಿಸಿ ಕೊಡುವ ಪೆಟ್ಟಿಗೆಗಳೂ ಸಿಗುತ್ತವೆ. ಎರಡೂ ತಂತಿ ಒಟ್ಟಿಗೆ ಸ್ಥಿರವಾಗಿ ಬಂದರೆ ಬ್ರೇಕ್, ಒಂದು ಮಿನುಗಿದರೆ ಇಂಡಿಕೇಟರ್ ಎಂಬುದು ಅವುಗಳ ತರ್ಕ. ಹಜಾರ್ಡ್ ಲೈಟ್ ಹಾಕಿಕೊಂಡೇ ಬ್ರೇಕ್ ತುಳಿದರೆ ಆ ತರ್ಕ ಕೈಕೊಡುತ್ತದೆ, ಒಮ್ಮೆ ಬೆರೆತದ್ದನ್ನು ಪೂರ್ತಿ ಬೇರ್ಪಡಿಸಲಾಗದು. ಜೊತೆಗೆ ಅಮೆರಿಕದ ಅಂಗಡಿಗಳಲ್ಲಿ ಕಾಣುವ ಮೂರು ತಂತಿಯ ಸಂಕೇತವನ್ನು ಎರಡಕ್ಕೆ ಇಳಿಸುವ ಕನ್ವರ್ಟರ್ ತದ್ವಿರುದ್ಧ ಕೆಲಸದ್ದು, ಅದನ್ನು ತರಿಸಬೇಡಿ.

ಸರಿಯಾದ ದಾರಿಯೆಂದರೆ ಟ್ರೇಲರ್ ಸಾಕೆಟ್ಟನ್ನು ಮರೆತು, ಸಂಕೇತ ಬೆರೆಯದೆ ಹರಿಯುವ ಜಾಗಗಳಿಂದ ಒಂದೊಂದನ್ನೂ ತೆಗೆದುಕೊಳ್ಳುವುದು.

ಬ್ರೇಕಿಗೆ ಹಿಂದಿನ ಗಾಜಿನ ಮೇಲಿರುವ ಮೂರನೆಯ ಬ್ರೇಕ್ ಲೈಟು. ಅಮೆರಿಕದಲ್ಲಿ ಇದು ಕಾರುಗಳಿಗೆ 1986ರ ಮಾಡೆಲ್‌ನಿಂದ, ಹಗುರ ಟ್ರಕ್ ಮತ್ತು ಎಸ್‌ಯುವಿಗಳಿಗೆ 1994ರ ಮಾಡೆಲ್‌ನಿಂದ ಕಡ್ಡಾಯ. ಇಂಡಿಕೇಟರ್ ಇದರೊಳಗೆ ಬೆರೆಯುವುದಿಲ್ಲ. ಸಣ್ಣ ದೀಪಕ್ಕೆ ನಂಬರ್ ಪ್ಲೇಟಿನ ದೀಪದ ತಂತಿ. ಹಿಂದಿನ ದೊಡ್ಡ ದೀಪದಿಂದ ತೆಗೆಯಬೇಡಿ. ಅಲ್ಲಿ ಒಂದೇ ಎಲ್‌ಇಡಿಯನ್ನು ಪಲ್ಸ್ ಕೊಟ್ಟು ಮಂದ ಮಾಡಿ ಸಣ್ಣ ದೀಪವಾಗಿಯೂ, ಪೂರ್ತಿ ಉರಿಸಿ ಬ್ರೇಕಾಗಿಯೂ ಬಳಸಿರುವುದುಂಟು. ಆ ಪಲ್ಸ್ ಸಿಕ್ಕರೆ ರಿಲೇ ಕಟಕಟ ಎನ್ನುತ್ತಲೇ ಇರುತ್ತದೆ. ಫಾಗ್ ಲೈಟಿಗೆ, ನೋಂದಣಿ ಹೊತ್ತಿನಲ್ಲಿ ಎಳೆದ ತಂತಿ ಸಾಕು.

ಇಂಡಿಕೇಟರ್‌ಗೆ ಮೊದಲು ಒಂದು ಪರೀಕ್ಷೆ ಮಾಡಿ. ಹಜಾರ್ಡ್ ಹಾಕಿ, ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ, ಇನ್ನೊಬ್ಬರು ಹಿಂದೆ ನಿಂತು ಹೊಸ ಕಿತ್ತಳೆ ದೀಪ ನೋಡಲಿ. ಅದೇ ಲಯದಲ್ಲಿ ಮಿನುಗುತ್ತಿದ್ದರೆ ತಂತಿ ಶುದ್ಧ, ಅಲ್ಲಿಂದಲೇ ತೆಗೆಯಬಹುದು. ಮಿನುಗು ನಿಂತರೆ ಅಥವಾ ತಪ್ಪಿದರೆ, ನಿಮಗೆ ದೀಪ ಹಾಕಿಕೊಟ್ಟವರೂ ಬಿಡಿಸುವ ಪೆಟ್ಟಿಗೆಯನ್ನೇ ಇಟ್ಟಿದ್ದಾರೆ ಎಂದು ತಿಳಿಯಿರಿ. ಆಗ ಕನ್ನಡಿಯಲ್ಲಿರುವ ಇಂಡಿಕೇಟರ್‌ನಿಂದ ಎಳೆಯಬೇಕು. ಮುಂದಿನ ಕಿತ್ತಳೆ ದೀಪ ಅಮೆರಿಕದ ಗಾಡಿಗಳಲ್ಲಿ ಪಾರ್ಕಿಂಗ್ ದೀಪವಾಗಿ ಮಂದವಾಗಿ ಉರಿಯುತ್ತಿರಬಹುದು, ಆದ್ದರಿಂದ ಅದು ಎರಡನೆಯ ಆಯ್ಕೆ.

ಇವೆಲ್ಲ ಸಂಕೇತಕ್ಕೆ ಮಾತ್ರ. ಟ್ರೇಲರ್ ಬಲ್ಬಿನ ಹೊರೆಯನ್ನು ಈ ತಂತಿಗಳ ಮೇಲೆ ಹೇರಬಾರದು. ಒಂದು 21 ವಾಟ್ ಬಲ್ಬು 12 ವೋಲ್ಟಿನಲ್ಲಿ 1.75 ಆಂಪಿಯರ್ ಎಳೆಯುತ್ತದೆ, ಜೋಡಿ ಬ್ರೇಕ್ ಲೈಟಿಗೆ 3.5. ಎಲ್‌ಇಡಿಗೆಂದು ಎಳೆದ ತೆಳು ತಂತಿ ಅದನ್ನು ತಾಳದು, ಇಲ್ಲವೇ ಗಾಡಿಯ ಕಂಪ್ಯೂಟರ್ ಶಾರ್ಟ್ ಆಯಿತೆಂದು ಭಾವಿಸಿ ಆ ಲೈನನ್ನೇ ಮುಚ್ಚುತ್ತದೆ. ಹಾಗಾಗಿ ನಡುವೆ 7-ವೇ ಬೈಪಾಸ್ ರಿಲೇ ಬೇಕು. ಸಂಕೇತದ ಕಡೆಯಿಂದ ಅದು ತೀರಾ ಕಡಿಮೆ ಕರೆಂಟ್ ತೆಗೆದುಕೊಂಡು, ಟ್ರೇಲರ್ ದೀಪವನ್ನು ಬ್ಯಾಟರಿಯಿಂದ ಉರಿಸುತ್ತದೆ. ಹಜಾರ್ಡ್, ಬ್ರೇಕ್, ಎರಡು ಫಾಗ್, ಐದು ವಾಟಿನ ಆರು ಸಣ್ಣ ದೀಪ ಒಟ್ಟಿಗೆ ಉರಿದರೂ 13 ಆಂಪಿಯರ್, ಅದಕ್ಕೆ 2.5 ಚದರ ಮಿ.ಮೀ. ತಂತಿ, 15 ಆಂಪಿಯರ್ ಫ್ಯೂಸ್. ಫ್ಯೂಸ್ ಬ್ಯಾಟರಿಯಿಂದ ಒಂದಡಿಯೊಳಗೇ ಇರಲಿ. ದೂರವಿಟ್ಟರೆ ನಡುವಿನ ತಂತಿ ಉಜ್ಜಿ ಗಾಡಿಯ ಲೋಹಕ್ಕೆ ತಗುಲಿದಾಗ ಕಾಪಾಡುವವರಿಲ್ಲ. ಬಜರ್ ಇರುವ ರಿಲೇಯನ್ನೇ ಕೊಳ್ಳಿ: ಟ್ರೇಲರ್‌ನ ಇಂಡಿಕೇಟರ್ ಕೆಲಸ ಮಾಡುತ್ತಿದೆಯೆಂದು ಚಾಲಕನಿಗೆ ತಿಳಿಯುವ ವ್ಯವಸ್ಥೆ ಬ್ರಿಟನ್ನಿನಲ್ಲಿ ಕಡ್ಡಾಯ. ಬಜರ್ ಸದ್ದು ನಿಂತಿತೆಂದರೆ ಬಲ್ಬು ಹೋಗಿದೆ.

ರಿಲೇಯಿಂದ 13 ಪಿನ್ನಿನ ಸಾಕೆಟ್ಟಿಗೆ ಜೋಡಣೆ ಹೀಗೆ:

1 ಎಡ ಇಂಡಿಕೇಟರ್, ಹಳದಿ
2 ಫಾಗ್, ನೀಲಿ
3 ಒಂದರಿಂದ ಎಂಟರವರೆಗಿನ ಅರ್ತ್, ಬಿಳಿ
4 ಬಲ ಇಂಡಿಕೇಟರ್, ಹಸಿರು
5 ಬಲ ಸಣ್ಣ ದೀಪ, ಕಂದು
6 ಬ್ರೇಕ್, ಕೆಂಪು
7 ಎಡ ಸಣ್ಣ ದೀಪ, ಕಪ್ಪು
8 ರಿವರ್ಸ್
9 ಸದಾ ಇರುವ 12 ವೋಲ್ಟ್
10 ಇಗ್ನಿಷನ್ ಹಾಕಿದಾಗ ಮಾತ್ರ 12 ವೋಲ್ಟ್
11 ಹತ್ತರ ಅರ್ತ್
12 ಖಾಲಿ ಬಿಡಿ
13 ಒಂಬತ್ತರ ಅರ್ತ್

3, 9, 10, 11, 13ಕ್ಕೆ 2.5 ಚದರ ಮಿ.ಮೀ., ಉಳಿದವಕ್ಕೆ 1.5. ಹತ್ತನೆಯ ಪಿನ್ ಕ್ಯಾರವಾನ್ ಫ್ರಿಜ್ಜಿನ ದಾರಿ. ಹತ್ತು ಆಂಪಿಯರ್ ಹರಿದರೆ 2.5ರ ತಂತಿಯಲ್ಲಿ ಐದು ಮೀಟರಿಗೆ ಸುಮಾರು 0.35 ವೋಲ್ಟ್ ಕಳೆದುಹೋಗುತ್ತದೆ, ಅರ್ತ್ ಕಡೆಯಲ್ಲಿ ಮತ್ತಷ್ಟು. ಆದ್ದರಿಂದ ಬ್ಯಾಟರಿಯಿಂದ ಸಾಕೆಟ್ಟಿನ ಹತ್ತಿರದವರೆಗೆ 4 ಚದರ ಮಿ.ಮೀ. ಎಳೆಯುವುದು ಒಳ್ಳೆಯದು. ಹಳೆಯ ಸಾಕೆಟ್ಟಿನ ಕಪ್ಪು ತಂತಿಯಲ್ಲಿ 12 ವೋಲ್ಟ್ ಇದೆ, ಬೇಕಿದ್ದರೆ ಅದನ್ನು ಬಳಸಬಹುದು. ಗಾಡಿ ಆಫ್ ಮಾಡಿದಾಗ ಅದು ಉಳಿಯುತ್ತದೋ ಹೋಗುತ್ತದೋ ಮೀಟರ್ ಹಿಡಿದು ನೋಡಿ, ಒಂಬತ್ತಕ್ಕೋ ಹತ್ತಕ್ಕೋ ಎಂದು ಆಮೇಲೆ ನಿರ್ಧರಿಸಿ. ಅದರ ಮೂಲ ಫ್ಯೂಸ್ ದೊಡ್ಡದಿರುವುದರಿಂದ ನಡುವೆ 20 ಆಂಪಿಯರ್ ಫ್ಯೂಸ್ ಹಾಕಲೇಬೇಕು.

ಫಾಗ್ ಸ್ವಿಚ್ಚಿರುವ ಸಾಕೆಟ್ ಕೊಂಡರೆ, ಪ್ಲಗ್ ಚುಚ್ಚಿದ ಕೂಡಲೇ ಗಾಡಿಯ ಹಿಂದಿನ ಫಾಗ್ ಲೈಟು ಆರುತ್ತದೆ. ಇಲ್ಲವಾದರೆ ಆ ಕೆಂಪು ಬೆಳಕು ಕ್ಯಾರವಾನ್‌ನ ಮುಂಭಾಗಕ್ಕೆ ಬಡಿದು ಕನ್ನಡಿಯಲ್ಲಿ ಕಣ್ಣು ಕೋರೈಸುತ್ತದೆ.

ಜೋಡಣೆಗೆ ಒತ್ತಿ ಕಚ್ಚಿಸುವ ನೀಲಿ ಕ್ಲಿಪ್ ಬಳಸಬೇಡಿ. ಅದು ತಂತಿಯ ಎಳೆಗಳನ್ನು ಅರ್ಧ ಕತ್ತರಿಸುತ್ತದೆ, ಚಳಿಗಾಲದಲ್ಲಿ ರಸ್ತೆಗೆ ಹಾಕುವ ಉಪ್ಪಿನ ನೀರು ಒಳಹೊಕ್ಕು ಹಸಿರು ಕಿಲುಬು ಹಿಡಿಯುತ್ತದೆ. ಬೆಸುಗೆ ಹಾಕಿ, ಅಂಟಿರುವ ಹೀಟ್‌ಶ್ರಿಂಕ್ ತೊಡಿಸಿ. ಅರ್ತ್ ಕೂರಿಸುವ ಜಾಗದಲ್ಲಿ ಪೇಂಟ್ ಕೆರೆದು ಲೋಹ ಹೊಳೆಯಬೇಕು. ಇಂಡಿಕೇಟರ್ ಹಾಕಿದಾಗ ಸಣ್ಣ ದೀಪಗಳೂ ಮಂದವಾಗಿ ಮಿನುಗಿದರೆ, ಬೇರೆಲ್ಲೂ ಹುಡುಕದೆ ಮೊದಲು ಮೂರನೆಯ ಪಿನ್ನಿನ ಅರ್ತ್ ನೋಡಿ.

ಪರೀಕ್ಷೆಗೆ ಎಲ್‌ಇಡಿ ಟೆಸ್ಟರ್ ಸಾಲದು, ನಾಲ್ಕು ಎಳೆ ಉಳಿದ ತಂತಿಯಲ್ಲೂ ಅದು ಚೆನ್ನಾಗಿ ಉರಿಯುತ್ತದೆ. 21 ವಾಟಿನ ಬಲ್ಬುಗಳಿರುವ ಟ್ರೇಲರ್ ಬೋರ್ಡ್ ಸಿಕ್ಕಿಸಿ, ಸಣ್ಣ ದೀಪ, ಫಾಗ್, ಹಜಾರ್ಡ್ ಹಾಕಿಟ್ಟು ಬ್ರೇಕ್ ತುಳಿದು ಹತ್ತು ನಿಮಿಷ ಬಿಡಿ. ಬ್ರೇಕ್ ಪೆಡಲಿಗೂ ಸೀಟಿಗೂ ನಡುವೆ ಕೋಲು ಕೊಟ್ಟರಾಯಿತು. ನಂತರ ಪ್ರತಿ ಜೋಡಣೆಯನ್ನೂ, ಫ್ಯೂಸ್ ಹೋಲ್ಡರನ್ನೂ ಮುಟ್ಟಿ ನೋಡಿ. ಬಿಸಿಯಾದದ್ದನ್ನು ಕಿತ್ತು ಮತ್ತೆ ಮಾಡಿ.

ವೈರಿಂಗ್ ಮುಗಿದ ಮೇಲೆ ಟೋಬಾಲನ್ನೂ (ಕ್ಯಾರವಾನ್ ಕೊಂಡಿ ಕೂರುವ ಗುಂಡು) ಅಳೆಯಿರಿ. ಅಮೆರಿಕದ ಎರಡಿಂಚಿನ ಬಾಲ್ 50.8 ಮಿ.ಮೀ., ಇಲ್ಲಿಯ ಕ್ಯಾರವಾನ್‌ನ ಕಪ್ಲಿಂಗ್ 50 ಮಿ.ಮೀ. ಬಾಲಿಗೆ ಮಾಡಿದ್ದು. ಬಲವಂತವಾಗಿ ಕೂರಿಸಿದರೆ ಬೀಗ ಪೂರ್ತಿ ಬೀಳದೆ ಇರಬಹುದು. ರಸ್ತೆಗಿಳಿಯುವ ಮುಂಚೆ 50 ಮಿ.ಮೀ. ಬಾಲ್ ಹಾಕಿಸಿಕೊಳ್ಳಿ.