ಪೊರೆಯಿಂದ ಪೊರೆಗೆ ಲಿಪಿಡ್‌ಗಳ ಸಾಗಣೆ: ಶಕ್ತಿಯ ಲೆಕ್ಕ ಎಲ್ಲಿದೆ?

ಕೊಣಾಜೆ, ಮಣಿಪಾಲ ಮತ್ತು ಮಂಗಳೂರು ನಗರದ ಕಾಲೇಜುಗಳಲ್ಲಿ ಜೀವವಿಜ್ಞಾನ ಓದುತ್ತಿರುವ ಸಹಪಾಠಿಗಳಿಗಾಗಿ ಈ ಟಿಪ್ಪಣಿ. ಜೀವಕೋಶದ ಪೊರೆಗಳನ್ನು ಕಟ್ಟುವ ಕೊಬ್ಬಿನಂತಹ ಅಣುಗಳೇ ಲಿಪಿಡ್; ಅವುಗಳ ಸಾಗಣೆ ಎಂದೊಡನೆ ನಾವು ವೆಸಿಕಲ್ ಎಂಬ ಕಿರುಚೀಲಗಳ ಚಿತ್ರವನ್ನೇ ಬರೆಯುತ್ತೇವೆ. ಆದರೆ ಮೈಟೊಕಾಂಡ್ರಿಯಕ್ಕೆ ಬೇಕಾದ ಲಿಪಿಡ್‌ಗಳಲ್ಲಿ ಹೆಚ್ಚಿನವು ಅಂತಹ ಚೀಲಗಳ ಮೂಲಕ ಬರುವುದಿಲ್ಲ. ಚೀಲಗಳ ಓಡಾಟವನ್ನು ತಡೆದರೂ ಕೊಲೆಸ್ಟ್ರಾಲ್ ಕೋಶದೊಳಗಿನ ಪೊರೆಜಾಲವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಿಂದ, ಅಂದರೆ ಇಆರ್‌ನಿಂದ, ಜೀವಕೋಶದ ಹೊರಪೊರೆಗೆ ತಲುಪುತ್ತಲೇ ಇರುತ್ತದೆ. ನೀರಿನಲ್ಲಿ ಕರಗದ ಅಣುವನ್ನು ಸೈಟೊಸಾಲ್ ಎಂಬ ಕೋಶದೊಳಗಿನ ದ್ರವವನ್ನು ದಾಟಿಸುವ ಈ ಕೆಲಸವನ್ನು ಲಿಪಿಡ್ ವರ್ಗಾವಣೆ ಪ್ರೋಟೀನ್‌ಗಳು ಮಾಡುತ್ತವೆ. ಎರಡು ಪೊರೆಗಳು ಬೆಸೆದುಕೊಳ್ಳದೆ, ಸಾಮಾನ್ಯವಾಗಿ 10ರಿಂದ 30 ನ್ಯಾನೊಮೀಟರ್ ಅಂತರದಲ್ಲಿ ನಿಲ್ಲುವ ಸಂಪರ್ಕ ತಾಣಗಳು ಅವುಗಳ ಮುಖ್ಯ ಕಾರ್ಯಕ್ಷೇತ್ರ.

ನಿಜವಾದ ಪ್ರಶ್ನೆ ದಿಕ್ಕಿನದು. ಕೊಲೆಸ್ಟ್ರಾಲ್ ತಯಾರಾಗುವುದು ಇಆರ್‌ನಲ್ಲಿ. ಆದರೆ ಅಲ್ಲಿನ ಲಿಪಿಡ್‌ಗಳಲ್ಲಿ ಅದರ ಪಾಲು ಸುಮಾರು ಶೇ. 5 ಮಾತ್ರ, ಹೊರಪೊರೆಯಲ್ಲಾದರೆ ಶೇ. 30ಕ್ಕೂ ಹೆಚ್ಚು. ಕೇವಲ ಒಂದು ಜೇಬಿನಂತಹ ಪೊಟರೆಯುಳ್ಳ ಪ್ರೋಟೀನ್ ಇದ್ದರೆ ಅದು ಎರಡೂ ಕಡೆಯ ಮಟ್ಟವನ್ನು ಸಮ ಮಾಡುತ್ತಿತ್ತೇ ಹೊರತು, ಕಡಿಮೆ ಇರುವಲ್ಲಿಂದ ಹೆಚ್ಚು ಇರುವಲ್ಲಿಗೆ ಏರಿಸಲಾರದು. ಹಾಗಾದರೆ ಏರಿಕೆಗೆ ಬೇಕಾದ ಶಕ್ತಿ ಎಲ್ಲಿಂದ ಬರುತ್ತದೆ?

ಓಎಸ್‌ಬಿಪಿ ಎಂಬ ಪ್ರೋಟೀನ್ ಇದಕ್ಕೆ ಅತ್ಯಂತ ಸ್ಪಷ್ಟವಾದ ಉತ್ತರ ಕೊಡುತ್ತದೆ. ಅದರ ಒಂದು ಭಾಗವು ಟ್ರಾನ್ಸ್-ಗಾಲ್ಗಿಯ (ಇಆರ್ ಮತ್ತು ಹೊರಪೊರೆಯ ನಡುವಿನ ರವಾನೆ ಕೇಂದ್ರದ) ಪೊರೆಯಲ್ಲಿರುವ ಪಿಐ4ಪಿ ಎಂಬ ಲಿಪಿಡನ್ನು ಹಿಡಿದರೆ, ಇನ್ನೊಂದು ಭಾಗವು ಇಆರ್‌ನ ವ್ಯಾಪ್ ಪ್ರೋಟೀನನ್ನು ಹಿಡಿಯುತ್ತದೆ. ಹೀಗೆ ಎರಡು ಪೊರೆಗಳನ್ನು ಹತ್ತಿರ ತರುತ್ತದೆ. ಉಳಿದ ಭಾಗದಲ್ಲಿರುವ ಪೊಟರೆಯಲ್ಲಿ ಒಂದು ಸಲಕ್ಕೆ ಒಂದೇ ಅಣುವಿಗೆ ಸ್ಥಳ: ಕೊಲೆಸ್ಟ್ರಾಲ್ ಅಥವಾ ಪಿಐ4ಪಿ. ಕೊಲೆಸ್ಟ್ರಾಲನ್ನು ಗಾಲ್ಗಿಗೆ ಇಳಿಸಿದ ಪೊಟರೆ ಅಲ್ಲಿಂದ ಪಿಐ4ಪಿ ಹೊತ್ತು ಇಆರ್‌ಗೆ ಮರಳುತ್ತದೆ. ಅಲ್ಲಿ ಸ್ಯಾಕ್1 ಎಂಬ ಕಿಣ್ವವು ಅದರ ಫಾಸ್ಫೇಟನ್ನು ಕತ್ತರಿಸಿ ಹಾಕುವುದರಿಂದ ಇಆರ್‌ನಲ್ಲಿ ಪಿಐ4ಪಿ ಎಂದೂ ಜಮೆಯಾಗುವುದಿಲ್ಲ. ಗಾಲ್ಗಿಯಲ್ಲಿ ಕೈನೇಸ್ ಕಿಣ್ವಗಳು ಕೋಶದ ಶಕ್ತಿಯ ನಾಣ್ಯವಾದ ಎಟಿಪಿ ವ್ಯಯಿಸಿ ಅದನ್ನು ಹೊಸದಾಗಿ ತಯಾರಿಸುತ್ತಲೇ ಇರುತ್ತವೆ. ಪಿಐ4ಪಿ ಇಳಿಜಾರಿನಲ್ಲಿ ಇಳಿಯುವಾಗ ಕೊಲೆಸ್ಟ್ರಾಲ್ ಏರುತ್ತದೆ, ಮತ್ತು ಆ ಇಳಿಜಾರನ್ನು ಉಳಿಸಿಕೊಳ್ಳುವ ಖರ್ಚು ಎಟಿಪಿಯದು. ಫ್ರಾನ್ಸಿನ ಬ್ರೂನೋ ಆಂಟೋನಿ ಅವರ ತಂಡ 2013ರಲ್ಲಿ ಈ ಚಕ್ರವನ್ನು ವಿವರಿಸಿತು. ಇಡೀ ವಿಷಯದಲ್ಲಿ ಅತ್ಯಂತ ಸುಂದರವಾದ ಭಾಗ ಇದೇ ಎಂದು ನನಗೆ ಅನ್ನಿಸುತ್ತದೆ, ಏಕೆಂದರೆ ಸಾಗಿಸುವ ಪ್ರೋಟೀನ್ ತಾನಾಗಿ ಎಟಿಪಿಯನ್ನು ಮುಟ್ಟುವುದೇ ಇಲ್ಲ.

ಸೆರಮೈಡ್ ಎಂಬ ಇನ್ನೊಂದು ಲಿಪಿಡನ್ನು ಸಾಗಿಸುವ ಸರ್ಟ್ ಪ್ರೋಟೀನಿನ ಲೆಕ್ಕ ಸರಳ: ಗಾಲ್ಗಿ ತಲುಪಿದ ಸೆರಮೈಡ್ ಸ್ಫಿಂಗೊಮಯಲಿನ್ ಎಂಬ ಬೇರೆ ಲಿಪಿಡ್ ಆಗಿ ಬದಲಾಗುವುದರಿಂದ ಹಿಂದಿರುಗಲು ಉಳಿಯುವುದೇ ಇಲ್ಲ.

ವಿಪಿಎಸ್13 ಮತ್ತು ಎಟಿಜಿ2 ಪ್ರೋಟೀನ್‌ಗಳದು ಬೇರೆಯೇ ವಿಧಾನ. ಓಎಸ್‌ಬಿಪಿ ಮಂಗಳೂರಿನ ಬಂದರಿನಿಂದ ಬೆಂಗ್ರೆಗೆ ಹೋಗಿಬರುವ ಫೆರಿ ದೋಣಿಯಂತಿದ್ದರೆ, ಇವು ಉಳ್ಳಾಲದ ಬಳಿಯ ನೇತ್ರಾವತಿ ಸೇತುವೆಯಂತೆ ಒಂದೆಡೆ ನಿಂತು ಅನೇಕ ಅಣುಗಳಿಗೆ ದಾರಿಯಾಗುತ್ತವೆ. ಎಟಿಜಿ2 ಸುಮಾರು 20 ನ್ಯಾನೊಮೀಟರ್ ಉದ್ದದ ಸರಳಿನಂತಿದ್ದು, ಅದರ ಉದ್ದಕ್ಕೂ ನೀರನ್ನು ದೂರವಿಡುವ ಕಾಲುವೆಯೊಂದು ಹಾದುಹೋಗುತ್ತದೆ. ಈ ಗುಂಪಿನ ಮಹತ್ವ ರೋಗಗಳಲ್ಲಿಯೂ ಕಾಣುತ್ತದೆ: ವಿಪಿಎಸ್13ಎ ಜೀನ್ ಕೆಟ್ಟರೆ ಕೊರಿಯಾ-ಅಕಾಂಥೊಸೈಟೋಸಿಸ್, ವಿಪಿಎಸ್13ಬಿ ಕೆಟ್ಟರೆ ಕೋಹೆನ್ ಸಿಂಡ್ರೋಮ್, ವಿಪಿಎಸ್13ಸಿ ಕೆಟ್ಟರೆ ಎಳೆಯ ವಯಸ್ಸಿನಲ್ಲೇ ಆರಂಭವಾಗುವ ಒಂದು ಬಗೆಯ ಪಾರ್ಕಿನ್ಸನ್ ಕಾಯಿಲೆ ಬರುತ್ತದೆ.

ಕೋಶವು ತನ್ನದೇ ಭಾಗಗಳನ್ನು ಪೊರೆಯಲ್ಲಿ ಸುತ್ತಿ ಜೀರ್ಣಿಸುವ ಆಟೊಫೇಜಿಯಲ್ಲಿ ಬೆಳೆಯುವ ಪೊರೆಗೆ ಎಟಿಜಿ2 ಲಿಪಿಡ್ ಒದಗಿಸುವುದನ್ನು ಓದುವಾಗ ಒಂದು ತೊಡಕನ್ನು ಗಮನಿಸಬೇಕು. ಈ ಪ್ರೋಟೀನ್ ಲಿಪಿಡನ್ನು ತೆಗೆಯುವುದೂ ಇಳಿಸುವುದೂ ಪೊರೆಯ ಎರಡು ಪದರಗಳ ಪೈಕಿ ಸೈಟೊಸಾಲ್‌ಗೆ ಮುಖ ಮಾಡಿದ ಪದರದಲ್ಲಿ ಮಾತ್ರ; ಹಾಗೇ ಬಿಟ್ಟರೆ ಒಂದು ಪದರ ತೆಳುವಾಗುತ್ತಾ, ಇನ್ನೊಂದೆಡೆ ಒಂದೇ ಪದರ ಉಬ್ಬುತ್ತಾ ಹೋಗಬೇಕಾಗುತ್ತದೆ. ಲಿಪಿಡ್‌ಗಳನ್ನು ಪದರದಿಂದ ಪದರಕ್ಕೆ ಹೊರಳಿಸುವ ಸ್ಕ್ರ್ಯಾಂಬ್ಲೇಸ್‌ಗಳು ಇದನ್ನು ಸರಿದೂಗಿಸುತ್ತವೆ: ಇಆರ್ ಕಡೆ ಟಿಎಂಇಎಂ41ಬಿ ಮತ್ತು ವಿಎಂಪಿ1, ಬೆಳೆಯುವ ಪೊರೆಯ ಕಡೆ ಎಟಿಜಿ9. ಆದ್ದರಿಂದ ಉತ್ತರಪತ್ರಿಕೆಯಲ್ಲಿ ಎಟಿಜಿ2 ಚಿತ್ರ ಬರೆಯುವವರು ಎರಡೂ ತುದಿಗಳಲ್ಲಿ ಈ ಸ್ಕ್ರ್ಯಾಂಬ್ಲೇಸ್‌ಗಳನ್ನು ತಪ್ಪದೆ ತೋರಿಸಬೇಕು.